ಚುಕ್ಕಾಣಿ ಒಬ್ಬರಿಗೆ, ತೂಬು ಒಬ್ಬರಿಗೆ: ಇಂಗ್ಲೆಂಡಿನ ಕಾಲುವೆಯಲ್ಲಿ ಇಬ್ಬರೇ ದೋಣಿ ನಡೆಸುವ ಬಗೆ

ಶಹಾಪುರ, ಸುರಪುರದ ಕಡೆಯ ಕಾಲುವೆಗಳ ಮೇಲೆ ನೌಕರಿಯ ಬಹುಭಾಗ ಕಳೆದು ಈಗ ಕಲಬುರಗಿಯಲ್ಲಿ ನೆಲೆಸಿರುವ ನನಗೆ, ಕಾಲುವೆಯೆಂದರೆ ತಿಳಿದ ವಿಷಯ ಎಂಬ ಸೊಕ್ಕಿತ್ತು. ನಮ್ಮಲ್ಲಿ ನೀರು ಹರಿಯಬೇಕು, ಕೊನೆಯ ಹೊಲಕ್ಕೆ ಮುಟ್ಟಬೇಕು. ಮುಟ್ಟದಿದ್ದರೆ ರೈತರು ಕಚೇರಿಗೆ ಬರುತ್ತಾರೆ. ಇಂಗ್ಲೆಂಡಿನ ಕಾಲುವೆಯಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ, ಸಾಗುವವರು ನಾವು. ನಿವೃತ್ತಿಯ ನಂತರ ನಾನೂ ನನ್ನ ಪತ್ನಿಯೂ ಅಲ್ಲಿ ನ್ಯಾರೋಬೋಟ್ ಬಾಡಿಗೆಗೆ ಪಡೆದು ಎರಡು ವಾರ ಕಳೆದು ಬಂದೆವು. ಪರಿಚಯದ ನಾಲ್ಕಾರು ದಂಪತಿಗಳು ತಾವೂ ಹೋಗಬೇಕೆಂದು ಕೇಳುತ್ತಿರುವುದರಿಂದ, ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಈ ದೋಣಿಯ ಅಗಲ 6 ಅಡಿ 10 ಇಂಚು ಮಾತ್ರ. ಉದ್ದ 70 ಅಡಿಯವರೆಗೂ ಇರಬಹುದು. 18ನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮತ್ತು ಅವನ ನಂತರದ ಎಂಜಿನಿಯರುಗಳು ನಡುನಾಡಿನ ಲಾಕುಗಳನ್ನು, ಅಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳನ್ನು, 7 ಅಡಿ ಅಗಲಕ್ಕೆ ಕಟ್ಟಿದ್ದರಿಂದ ದೋಣಿಗೂ ಅದೇ ಅಳತೆ ಗಟ್ಟಿಯಾಯಿತು. ಇಬ್ಬರಿಗೆ 45 ಅಡಿಯ ದೋಣಿ ಸಾಕು. ಅದರಲ್ಲಿ ಮಲಗುವ ಕೋಣೆ, ಅಡುಗೆಮನೆ, ಸ್ನಾನದ ಜಾಗ, ಕೂರುವ ಜಾಗ ಎಲ್ಲವೂ ರೈಲುಡಬ್ಬಿಯಂತೆ ಒಂದರ ಹಿಂದೆ ಒಂದು ಇರುತ್ತವೆ. ಕಾಯ್ದಿರಿಸುವಾಗ ಬಣ್ಣ, ಹೆಸರು ನೋಡಿ ಮರುಳಾಗದೆ ಎರಡು ಸಂಗತಿ ವಿಚಾರಿಸಿ. ಹಾಸಿಗೆ ಕಾಯಂ ಹಾಕಿದ್ದೋ, ಇಲ್ಲವೇ ಊಟದ ಮೇಜನ್ನು ದಿನಾಲೂ ಕಳಚಿ ಮಾಡಿಕೊಳ್ಳಬೇಕಾದದ್ದೋ ಎಂಬುದು ಒಂದು. ಚುಕ್ಕಾಣಿ ಹಿಡಿಯುವ ಹಿಂಭಾಗ ಅಗಲವಾದ ಕ್ರೂಸರ್ ಮಾದರಿಯದೋ, ಒಬ್ಬರಷ್ಟೇ ನಿಲ್ಲಬಹುದಾದ ಹಳೆಯ ಮಾದರಿಯದೋ ಎಂಬುದು ಇನ್ನೊಂದು. ಹಳೆಯ ಮಾದರಿ ನೋಡಲು ಚೆಂದ, ಆದರೆ ದಿನವಿಡೀ ಒಬ್ಬರು ಹಿಂದೆ, ಒಬ್ಬರು ಒಳಗೆ ಇರುವುದಾದರೆ ಜೊತೆಯಾಗಿ ಹೋದದ್ದಾದರೂ ಏಕೆ? ದೋಣಿ ನಡೆಸಲು ಲೈಸೆನ್ಸ್ ಬೇಕಿಲ್ಲ. ಹೊರಡುವ ದಿನ ಬಾಡಿಗೆಯವರೇ ಎಲ್ಲವನ್ನೂ ತೋರಿಸಿಕೊಡುತ್ತಾರೆ. ಆ ಪಾಠವನ್ನು ಇಬ್ಬರೂ ನಿಂತು ಕೇಳಬೇಕು.

ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಪ್ರಯಾಣಕ್ಕಿಂತ 3 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಡಲು ನಮ್ಮ ಭಾಗದವರಿಗೆ ಹೈದರಾಬಾದ್ ಹತ್ತಿರ. ವೀಸಾ ಕೈಗೆ ಬರುವ ಮೊದಲೇ ದೋಣಿಗೆ ಪೂರ್ತಿ ಹಣ ಕಟ್ಟುವುದಾದರೆ, ಮರುಪಾವತಿಯ ಷರತ್ತನ್ನು ಓದಿಕೊಂಡೇ ಕಟ್ಟಿ. ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯ ಕಾಲ. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಅಲ್ಲಿನ ಶಾಲೆಗಳಿಗೆ ರಜೆ ಇರುವುದರಿಂದ ದರವೂ ಹೆಚ್ಚು, ಲಾಕುಗಳ ಮುಂದೆ ಸಾಲೂ ಉದ್ದ. ಚಳಿಗಾಲದಲ್ಲಿ ದುರಸ್ತಿಗಾಗಿ ಅಲ್ಲಲ್ಲಿ ಕಾಲುವೆ ಮುಚ್ಚುತ್ತಾರೆ. ಕಲಬುರಗಿಯ ಮೇ ಬಿಸಿಲಿನಿಂದ ನೇರವಾಗಿ ಹೋಗುವವರು ಸ್ವೆಟರ್, ಮಳೆಯಂಗಿ ಮತ್ತು ಜಾರದ ಅಟ್ಟೆಯ ಬೂಟುಗಳನ್ನು ಒಯ್ಯಲೇಬೇಕು.

ಇನ್ನು ದಾರಿಯ ಲೆಕ್ಕ. ಹೊಸಬರು ಸೋಲುವುದು ಇಲ್ಲಿಯೇ, ನಾನೂ ಸೋಲುವವನಿದ್ದೆ. ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಬಿರುಸಾಗಿ ನಡೆಯುವವನಷ್ಟು. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನ, ಇಲ್ಲವಾದರೆ ನಮ್ಮ ಅಲೆಗೆ ಅವರ ಗೂಟಗಳು ಕಿತ್ತುಬರುತ್ತವೆ. ಮೇಲಾಗಿ ಒಂದೊಂದು ಲಾಕು ದಾಟಲು ಹದಿನೈದು, ಇಪ್ಪತ್ತು ನಿಮಿಷ ಬೇಕು. ಆದ್ದರಿಂದ ಮೈಲಿಗಳನ್ನೂ ಲಾಕುಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಬರುವುದು ಗಂಟೆಗಳ ಲೆಕ್ಕ ಎಂಬುದು ಅಲ್ಲಿ ರೂಢಿಯ ಸೂತ್ರ. ಫೋರ್ ಕೌಂಟೀಸ್ ರಿಂಗ್ ಎಂಬ ಹೆಸರುವಾಸಿ ಸುತ್ತು 110 ಮೈಲಿ, 94 ಲಾಕು. ಕೂಡಿಸಿದರೆ 204, ಭಾಗಿಸಿದರೆ 68 ಗಂಟೆ. ಒಂದು ವಾರದಲ್ಲಿ ಮುಗಿಸುವುದಾದರೆ ದಿನಕ್ಕೆ ಹತ್ತು ಗಂಟೆಯ ದುಡಿಮೆ, ಅದು ಪ್ರವಾಸವಲ್ಲ, ಪಾಳಿ. ಇಬ್ಬರೇ ಇರುವಾಗ ದಿನಕ್ಕೆ ಐದು ಗಂಟೆಯ ಮೇಲೆ ಯೋಜನೆ ಹಾಕಬೇಡಿ.

ಮೊದಲ ಸಲಕ್ಕೆ ನಾನು ಹೇಳುವ ದಾರಿ ಬ್ರಾನ್‌ಸ್ಟನ್‌ನಿಂದ ಶುರುವಾಗುವುದು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರಗ್ಬಿಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಉತ್ತರಕ್ಕೆ ಆಕ್ಸ್‌ಫರ್ಡ್ ಕಾಲುವೆಯಲ್ಲಿ ಹೋದರೆ ಹಿಲ್‌ಮಾರ್ಟನ್‌ನಲ್ಲಿ ಮೂರು ಲಾಕು, ಹಾಕ್ಸ್‌ಬರಿಯಲ್ಲಿ ಕೆಲವೇ ಇಂಚು ಏರಿಳಿತದ ಒಂದು ಲಾಕು. ಕೈ ಪಳಗಿಸಿಕೊಳ್ಳಲು ಅಷ್ಟು ಸಾಕು. ಮುಂದೆ ಸ್ವಲ್ಪ ದೂರ ಕವೆಂಟ್ರಿ ಕಾಲುವೆ ಹಿಡಿದು ಆಶ್ಬಿ ಕಾಲುವೆಗೆ ತಿರುಗಿದರೆ 22 ಮೈಲಿ ಒಂದೂ ಲಾಕಿಲ್ಲ. 1485ರಲ್ಲಿ ಮೂರನೆಯ ರಿಚರ್ಡ್ ದೊರೆ ಸತ್ತ ಬಾಸ್‌ವರ್ತ್ ಯುದ್ಧಭೂಮಿಯ ಬಳಿಯಲ್ಲೇ ಈ ಕಾಲುವೆ ಹಾದುಹೋಗುತ್ತದೆ. ನಮ್ಮ ಮೊದಲ ವಾರ ಅಲ್ಲಿಗೇ ಹೋಗಿಬರುವುದರಲ್ಲಿ ಕಳೆಯಿತು.

ಎರಡನೆಯ ವಾರ ಅದೇ ಆಕ್ಸ್‌ಫರ್ಡ್ ಕಾಲುವೆಯ ದಕ್ಷಿಣದ ಭಾಗಕ್ಕೆ ತಿರುಗಿದೆವು. ನ್ಯಾಪ್ಟನ್ ಬಳಿ ಒಂಬತ್ತು ಲಾಕು ಹತ್ತಿದ ಮೇಲೆ ಬರುವ ನೆತ್ತಿಯ ಮಟ್ಟದ ಕಾಲುವೆ 11 ಮೈಲಿ ಸುತ್ತುತ್ತದೆ. ಹಕ್ಕಿ ಹಾರಿದಂತೆ ಅಳೆದರೆ ಅದರ ಅರ್ಧವೂ ಇಲ್ಲ. ಗುಡ್ಡ ಕೊರೆಯದೆ, ಲಾಕು ಕಟ್ಟದೆ, ಸಮಮಟ್ಟದ ಗೆರೆಯನ್ನೇ ಹಿಡಿದು ಹೋಗುವುದು ಬ್ರಿಂಡ್ಲಿಯ ಪದ್ಧತಿ. ಲೆವೆಲಿಂಗ್ ಯಂತ್ರ ಹೊತ್ತು ಕಾಲುವೆಯ ಗೆರೆ ಹಾಕಿದವರಿಗೆ ಆ ಸುತ್ತು ನೋಡಿದರೆ ಬೇಸರವಾಗುವುದಿಲ್ಲ. ಆದರೆ ಒಂದೇ ಹೊಲದ ಮನೆ ಮೂರು ಸಲ ಮೂರು ದಿಕ್ಕಿನಿಂದ ಕಂಡಾಗ ನನ್ನ ಪತ್ನಿ, ದಾರಿ ತಪ್ಪಿದಿರೇನು ಎಂದು ಕೇಳಿದ್ದು ನಿಜ.

ಲಾಕು ಎಂದರೆ ಎರಡು ಕಡೆ ಗೇಟಿರುವ ಕಲ್ಲಿನ ತೊಟ್ಟಿ. ಗೇಟಿನಲ್ಲಿ ಅಥವಾ ಪಕ್ಕದ ಗೋಡೆಯೊಳಗೆ ನೀರು ಬಿಡುವ ತೂಬುಗಳಿರುತ್ತವೆ, ಅವರು ಪ್ಯಾಡಲ್ ಎನ್ನುತ್ತಾರೆ; ವಿಂಡ್ಲಾಸ್ ಎಂಬ ಮೊಣಕೈಯಂತೆ ಬಾಗಿದ ಕಬ್ಬಿಣದ ಹಿಡಿಯಿಂದ ತಿರುಗಿಸಿ ಅವುಗಳನ್ನು ಎತ್ತಬೇಕು. ಹತ್ತುವಾಗ ದೋಣಿ ಒಳಗೆ ಬಂದ ಮೇಲೆ ಕೆಳಗೇಟು ಹಾಕಿ, ಕೆಳಗಿನ ತೂಬುಗಳು ಪೂರ್ತಿ ಇಳಿದಿವೆಯೇ ಎಂದು ನೋಡಿ, ಮೇಲಿನ ತೂಬನ್ನು ಅರ್ಧದಷ್ಟೇ ಎತ್ತಿ ನಿಲ್ಲಿಸಿ. ಒಮ್ಮೆಲೇ ಎತ್ತಿದರೆ ದೋಣಿ ಮುಂದಕ್ಕೆ ಜಗ್ಗಿ ಗೇಟಿಗೆ ಬಡಿಯುತ್ತದೆ. ಎರಡೂ ಕಡೆಯ ನೀರು ಸಮವಾಗುವವರೆಗೆ ಗೇಟು ತೆರೆಯುವುದಿಲ್ಲ. ಒಂದೆರಡು ಇಂಚು ವ್ಯತ್ಯಾಸವಿದ್ದರೂ ಪೈಲ್ವಾನನೂ ಅದನ್ನು ಅಲ್ಲಾಡಿಸಲಾರ. ಸಮವಾದ ಕ್ಷಣದಲ್ಲಿ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು, ನೆಲದಲ್ಲಿ ಎಬ್ಬಿಸಿ ಜೋಡಿಸಿದ ಇಟ್ಟಿಗೆಗೆ ಕಾಲು ಕೊಟ್ಟು ಒತ್ತಿದರೆ ತಾನಾಗಿ ಸರಿಯುತ್ತದೆ. ಹಿಡಿಯನ್ನು ತೂಬಿನ ಕಡ್ಡಿಗೆ ಸಿಕ್ಕಿಸಿ ಬಿಟ್ಟು ಹೋಗಬಾರದು. ಹಲ್ಲು ಜಾರಿದರೆ ಅದು ಗಿರ್ರನೆ ತಿರುಗಿ ಮೊಣಕೈ ಮುರಿಯಬಲ್ಲದು.

ಇಳಿಯುವಾಗಿನ ಅಪಾಯ ಬೇರೆ. ಮೇಲ್ಗೇಟಿನ ಬುಡದಲ್ಲಿ ನೀರಿನೊಳಗೆ ಮರೆಯಾಗಿರುವ ಗಟ್ಟಿ ಹೊಸ್ತಿಲು ನೀರಿಳಿದಂತೆ ಹೊರಬರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕುಳಿತರೆ ಮೂತಿ ಕೆಳಗಾಗಿ ದೋಣಿ ಮುಳುಗುತ್ತದೆ. ಹೊಸ್ತಿಲಿನ ಮಿತಿ ತೋರಿಸಲು ಗೋಡೆಯ ಮೇಲೆ ಬಿಳಿ ಗುರುತಿರುತ್ತದೆ. ಕ್ಲೇಡನ್‌ನ ಐದು ಲಾಕುಗಳನ್ನು ಇಳಿಯುವಾಗ ಚುಕ್ಕಾಣಿ ನನ್ನ ಕೈಯಲ್ಲಿತ್ತು, ಕೆಳಗಿನ ತೂಬು ಪತ್ನಿಯ ಕೈಯಲ್ಲಿತ್ತು. ಗೇಟಿನ ತೊಲೆಯ ಮೇಲೆ ಬೂದು ಬಣ್ಣದ ಕೊಕ್ಕರೆಯೊಂದು ಕುಳಿತದ್ದನ್ನು ಕಂಡು ನಾನು ಮೊಬೈಲ್ ತೆಗೆದೆ. "ಏ ರೀ, ಹಿಂದ ನೋಡ್ರಿ, ಬಿಳಿ ಗೆರಿ ದಾಟಿ ಹೊಂಟದ!" ಎಂದು ಮೇಲಿನಿಂದ ಕೂಗು ಬಂತು. ನಾನು ಗೇರು ಹಾಕುವಷ್ಟರಲ್ಲಿ ಆಕೆ ಎರಡೂ ತೂಬು ಇಳಿಸಿ ಮುಗಿಸಿದ್ದಳು. ಅದೇ ಸರಿಯಾದ ಕ್ರಮ: ಅನುಮಾನ ಬಂದೊಡನೆ ನೀರು ಹೋಗುವ ತೂಬನ್ನು ಮುಚ್ಚಬೇಕು, ಮಾತು ಆಮೇಲೆ. ಇಳಿಯುವಾಗ ಹಗ್ಗವನ್ನು ದಡದ ಗೂಟಕ್ಕೆ ಬಿಗಿದು ಕಟ್ಟಲೂಬಾರದು, ನೀರಿಳಿದು ದೋಣಿ ಹಗ್ಗಕ್ಕೆ ತೂಗಿಬೀಳುತ್ತದೆ.

ದಾಟಿದ ಮೇಲೆ ಗೇಟು, ತೂಬುಗಳನ್ನು ಮುಚ್ಚಿಯೇ ಹೊರಡಬೇಕು. ಇಕ್ಕಟ್ಟಾದ ಲಾಕು ಒಮ್ಮೆ ಬರಿದಾದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಕೆಳಗಿಳಿಯುತ್ತದೆ. ಬೀದರಿನ ಕರೇಜ್ ಎಂಬ ಹಳೆಯ ಸುರಂಗ ಕಾಲುವೆಯಲ್ಲಿ ನೆಲದೊಳಗಿನ ಇಳಿಜಾರೇ ನೀರನ್ನು ತಂದುಕೊಡುತ್ತದೆ. ಇಲ್ಲಿ ನೆತ್ತಿಯ ಮಟ್ಟಕ್ಕೆ ಜಲಾಶಯ ಕಟ್ಟಿ ನೀರು ಒದಗಿಸಬೇಕು, ಬೇಸಿಗೆಯಲ್ಲಿ ಅದಕ್ಕೂ ಕೊರತೆ. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿಸಂಸ್ಥೆ ನೋಡಿಕೊಳ್ಳುತ್ತಿದೆ.

ಗಂಡ ಚಹಾದ ಬಟ್ಟಲು ಹಿಡಿದು ಚುಕ್ಕಾಣಿಗೆ ಒರಗಿರುವುದು, ಹೆಂಡತಿ ಗೇಟಿಗೆ ಬೆನ್ನು ಕೊಟ್ಟು ತಳ್ಳುತ್ತಿರುವುದು ಅಲ್ಲಿಯೂ ದಿನನಿತ್ಯ ಕಾಣುವ ನೋಟ. ನಮ್ಮಲ್ಲಿ ಇದು ಮೂರು ದಿನ ನಡೆಯಿತು. "ಇದೇನ್ರೀ, ಗೇಟ್ ನಾ ತಳ್ಳಬೇಕು, ಚಹಾ ನೀವು ಕುಡೀಬೇಕಾ?" ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ನಾಲ್ಕನೆಯ ದಿನದಿಂದ ಲಾಕಿಗೊಮ್ಮೆ ಕೆಲಸ ಅದಲುಬದಲು ಮಾಡಿದೆವು. ನ್ಯಾಯದ ಮಾತು ಹಾಗಿರಲಿ, ಸುರಕ್ಷತೆಗೂ ಇದೇ ಒಳ್ಳೆಯದು: ಇಬ್ಬರಿಗೂ ಎರಡೂ ಕೆಲಸ ಬಂದರೆ ಮೇಲಿದ್ದವರಿಗೆ ಕೆಳಗಿನವರ ಅಡಚಣೆ ತಿಳಿಯುತ್ತದೆ.

ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ತಿರುಗುತ್ತದೆ. ಅರ್ಧ ದಿನದಲ್ಲಿ ಕೈಗೆ ಕೂಡುತ್ತದೆ. ದೋಣಿ ನಡುಮಧ್ಯದಲ್ಲಿ ತಿರುಗುವುದರಿಂದ ಹಿಂಭಾಗ ಎತ್ತ ಹೊರಳುತ್ತಿದೆ ಎಂದೂ ನೋಡುತ್ತಿರಬೇಕು. ಎದುರು ದೋಣಿ ಬಂದರೆ ಬಲಕ್ಕೆ ಸರಿಯಿರಿ, ನಮ್ಮ ರಸ್ತೆಯ ಅಭ್ಯಾಸಕ್ಕೆ ಇದು ಉಲ್ಟಾ. ಬ್ರೇಕಿಲ್ಲ, ರಿವರ್ಸ್ ಗೇರೇ ಬ್ರೇಕು, ಆಗ ಚುಕ್ಕಾಣಿ ಮಾತು ಕೇಳುವುದಿಲ್ಲ. ಗೋಡೆಗೆ ತಾಗುವಂತಾದರೆ ಕೈಯನ್ನೋ ಕಾಲನ್ನೋ ಅಡ್ಡ ಕೊಡಬೇಡಿ, ಹತ್ತಾರು ಟನ್ನಿನ ಉಕ್ಕು ಅದು. ದೋಣಿಯನ್ನು ತಳ್ಳುವ ನೀರಿನೊಳಗಿನ ಫ್ಯಾನಿಗೆ ಬಟ್ಟೆಯೋ ಪ್ಲಾಸ್ಟಿಕ್ಕೋ ಸುತ್ತಿಕೊಂಡರೆ ಹಿಂದಿನ ಮುಚ್ಚಳ ತೆರೆದು ಕೈಯಿಂದ ಬಿಡಿಸಬೇಕಾಗುತ್ತದೆ. ಆಗ ಎಂಜಿನ್ ನಿಲ್ಲಿಸಿ, ಕೀಲಿ ನೀರಿಗೆ ಕೈ ಹಾಕಿದವರ ಜೇಬಿನಲ್ಲೇ ಇರಲಿ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಗೇರು ನ್ಯೂಟ್ರಲ್‌ಗೆ ತನ್ನಿ. ಬಹಳ ಕಡೆ ಎದ್ದು ನಿಲ್ಲುವಷ್ಟೇ ಆಳ.

ಅಡುಗೆಯ ವಿಷಯದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ದವರಿಗೆ ಚಿಂತೆಯಿಲ್ಲ. ತುಪ್ಪ, ಪೇಢೆ, ಹಸಿ ಕರಿಬೇವು ಮನೆಯಲ್ಲೇ ಇರಲಿ, ಅವುಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ನಾವು ಮೊದಲ ಸಂಜೆ ಬೇಳೆಗೆ ಒಗ್ಗರಣೆ ಕೊಟ್ಟಾಗ ಸಾಸಿವೆ ಸಿಡಿಯುವ ಮೊದಲೇ ಹೊಗೆಯ ಅಲಾರಾಂ ಕೂಗಿಕೊಂಡಿತು. ಆಮೇಲಿಂದ ಕಿಟಕಿ ತೆರೆದೇ ಒಗ್ಗರಣೆ. ಚಳಿಯೆಂದು ಗಾಳಿಕಿಂಡಿಗಳಿಗೆ ಬಟ್ಟೆ ತುರುಕಬೇಡಿ, ಗ್ಯಾಸ್ ಒಲೆ ಇರುವ ಮುಚ್ಚಿದ ದೋಣಿಯಲ್ಲಿ ವಿಷಾನಿಲ ಸೇರುವುದು ಹಾಗೆಯೇ. ನೀರಿನ ಟ್ಯಾಂಕನ್ನು ಎರಡು ದಿನಕ್ಕೊಮ್ಮೆ ದಡದ ನಲ್ಲಿಯಿಂದ ತುಂಬಿಸಿಕೊಳ್ಳಿ. ಶೌಚದ್ದು ಪೆಟ್ಟಿಗೆಯ ಮಾದರಿಯಾದರೆ ಅದನ್ನು ನಾವೇ ಒಯ್ದು ನಿಗದಿತ ಜಾಗದಲ್ಲಿ ಸುರಿಯಬೇಕು, ಆದ್ದರಿಂದ ಟ್ಯಾಂಕಿನ ಮಾದರಿಯನ್ನೇ ಕೇಳಿ ಪಡೆಯಿರಿ, ಚೊಂಬು ಮರೆಯಬೇಡಿ.

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ, ನಿಂತಲ್ಲಿ ಎಂಜಿನ್ ಓಡಿಸುವಂತಿಲ್ಲ. ಹಾಗಾಗಿ ಬ್ಯಾಟರಿ ತುಂಬುವುದು, ಬಿಸಿನೀರು ಕಾಯುವುದು ಎಲ್ಲವೂ ಹಗಲಿನ ಪಯಣದಲ್ಲೇ ಆಗಬೇಕು. ಮರಳುವ ದಿನ ದೋಣಿಯನ್ನು ಬೆಳಿಗ್ಗೆಯೇ ಒಪ್ಪಿಸಬೇಕಾಗಿರುವುದರಿಂದ, ಹಿಂದಿನ ರಾತ್ರಿ ಬಾಡಿಗೆಯವರ ದೋಣಿ ಅಂಗಳದಿಂದ ಒಂದು ಗಂಟೆಯ ದೂರದೊಳಗೆ, ಮುಂದೆ ಒಂದೂ ಲಾಕಿಲ್ಲದ ಕಡೆ ತಂಗಬೇಕು. ನಾವು ಹಾಗೆಯೇ ತಂಗಿ, ಬೆಳಿಗ್ಗೆ ಬ್ರಾನ್‌ಸ್ಟನ್‌ಗೆ ಬಂದೆವು. ದೋಣಿಗಳ ಸಾಲಿನ ನಡುವಿನ ಸಣ್ಣ ಸಂದಿಗೆ ಸೇರಿಸಬೇಕಿತ್ತು. ಚುಕ್ಕಾಣಿ ಪತ್ನಿಯ ಕೈಯಲ್ಲಿತ್ತು, ನಾನು ಹಗ್ಗ ಹಿಡಿದು ಮುಂದೆ ನಿಂತಿದ್ದೆ.