ಮೂರು ಪ್ರತಿ, ಅರವತ್ತು ಓದುಗರು: ಕಾಲೇಜು ಗ್ರಂಥಾಲಯದ ರಿಸರ್ವ್ ಕಪಾಟು ನಡೆಸುವ ಬಗೆ

ಒಂದು ಪೇಪರಿಗೆ ಬೇಕಾದ ಪುಸ್ತಕದ ಮೂರು ಪ್ರತಿಗಳಿವೆ, ತರಗತಿಯಲ್ಲಿ 60 ಮಂದಿ ಇದ್ದಾರೆ ಅಂದುಕೊಳ್ಳಿ. ಮಾಮೂಲಿನಂತೆ 15 ದಿನಕ್ಕೆ ಕೊಟ್ಟರೆ 16 ವಾರದ ಸೆಮಿಸ್ಟರಿನಲ್ಲಿ ಒಂದು ಪ್ರತಿ ಏಳು ಕೈ ದಾಟುತ್ತದೆ. ಮೂರೂ ಸೇರಿ 21 ಮಂದಿಗೆ ಸಿಕ್ಕಿತು, ಉಳಿದ 39 ಮಂದಿಗೆ ಇಲ್ಲ. ಅದೇ ಪ್ರತಿಯನ್ನು ಬೆಳಿಗ್ಗೆ 10ಕ್ಕೆ, 12ಕ್ಕೆ, 2ಕ್ಕೆ ಎರಡೆರಡು ಗಂಟೆ ಕೊಟ್ಟು, ಸಂಜೆ 4.30ಕ್ಕೆ ರಾತ್ರಿ ಓದಿಗೆಂದು ಮನೆಗೆ ಕೊಟ್ಟರೆ ದಿನಕ್ಕೆ ನಾಲ್ಕು ಮಂದಿ ಓದುತ್ತಾರೆ. ಒಂದು ಪ್ರತಿಯನ್ನು ರಾತ್ರಿಗೆ ಕೊಡದೆ ಉಳಿಸಿಕೊಂಡರೂ ಮೂರು ಪ್ರತಿಗೆ 11 ಮಂದಿ. ಆರು ಕೆಲಸದ ದಿನಗಳಲ್ಲಿ ಇಡೀ ತರಗತಿಯ ಕೈಗೆ ಪುಸ್ತಕ ಬಂದಿರುತ್ತದೆ. ರಿಸರ್ವ್ ಕಪಾಟು ಇರುವುದು ಈ ಲೆಕ್ಕಕ್ಕಾಗಿ. ಪುಸ್ತಕ ಕಳೆಯದಂತೆ ಬೀಗ ಹಾಕಿಡುವ ಜಾಗ ಎಂದು ಅದನ್ನು ನಡೆಸಿದರೆ ಯಾರಿಗೂ ಉಪಯೋಗವಿಲ್ಲ.

ಮೊದಲೇ ಒಂದು ಗೊಂದಲ ತೆಗೆದುಬಿಡೋಣ. ಬೇರೆಯವರು ಒಯ್ದ ಪುಸ್ತಕ ವಾಪಸ್ ಬಂದಾಗ ನನಗೇ ಸಿಗಲಿ ಎಂದು ಹೆಸರು ಬರೆಸುವುದನ್ನೂ ವಿದ್ಯಾರ್ಥಿಗಳು ‘ರಿಸರ್ವ್ ಮಾಡಿಸುವುದು’ ಅನ್ನುತ್ತಾರೆ. ಅದು ಬೇರೆ. ಇಲ್ಲಿ ಹೇಳುತ್ತಿರುವುದು ಉಪನ್ಯಾಸಕರು ಒಂದು ಪೇಪರಿಗೆಂದು ಕೌಂಟರಿನ ಹಿಂದೆ ತೆಗೆದಿರಿಸಿದ ಪುಸ್ತಕಗಳ ವಿಚಾರ. ಇಲ್ಲಿ ಮುಂಗಡ ಸರತಿ ಇರಬಾರದು. ಕೌಂಟರಿಗೆ ಬಂದವರಿಗೆ ಬಂದ ಕ್ರಮದಲ್ಲಿ ಕೊಡಬೇಕು. ಹೆಸರು ಬರೆಸಿಟ್ಟವರು ಬರುವವರೆಗೆ ಪುಸ್ತಕ ಸುಮ್ಮನೆ ಕುಳಿತರೆ ಮೇಲಿನ ಲೆಕ್ಕ ಅಲ್ಲೇ ಕೆಟ್ಟಿತು.

ಪಟ್ಟಿ ಕೊಡುವ ಉಪನ್ಯಾಸಕರಿಗೆ

ಸೆಮಿಸ್ಟರ್ ಶುರುವಾಗುವ ಎರಡು ವಾರ ಮೊದಲು ಪಟ್ಟಿ ಗ್ರಂಥಪಾಲಕರ ಕೈ ಸೇರಲಿ. ಅದರಲ್ಲಿ ಪೇಪರಿನ ಹೆಸರು, ಕೋಡ್, ಸೆಮಿಸ್ಟರ್, ವಿದ್ಯಾರ್ಥಿಗಳ ಸಂಖ್ಯೆ ಇರಬೇಕು. ಪ್ರತಿ ಪುಸ್ತಕಕ್ಕೂ ಲೇಖಕರು, ಆವೃತ್ತಿ, ಯಾವ ಅಧ್ಯಾಯ, ಯಾವ ವಾರಕ್ಕೆ ಎಂಬುದನ್ನು ಬರೆಯಿರಿ. ಕೊನೆಯ ಎರಡನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ‘ಮೂರನೇ ವಾರ, ಅಧ್ಯಾಯ 4 ಮತ್ತು 5’ ಎಂದು ಗೊತ್ತಿದ್ದರೆ ಆ ವಾರ ಮಾತ್ರ ಪುಸ್ತಕವನ್ನು ಎರಡು ಗಂಟೆಯ ಅವಧಿಗೆ ತಂದು, ಮಿಕ್ಕ ವಾರಗಳಲ್ಲಿ ಮೂರು ದಿನಕ್ಕೆ ಕೊಡಬಹುದು. ಇಡೀ ಸಿಲೆಬಸ್ಸಿನ ಗ್ರಂಥಸೂಚಿಯನ್ನು ಹಾಗೇ ಜೆರಾಕ್ಸ್ ಮಾಡಿ ಕಳಿಸಬೇಡಿ. 40 ಪುಸ್ತಕ ರಿಸರ್ವಿಗೆ ಬಂದರೆ 30ನ್ನು ಯಾರೂ ಕೇಳುವುದಿಲ್ಲ, ಸಾಮಾನ್ಯ ಓದುಗರಿಗೆ ಮಾತ್ರ ಅವು ಸಿಗದಂತಾಗುತ್ತವೆ. ಪೇಪರಿಗೆ ಐದಾರು ಪುಸ್ತಕ ಸಾಕು.

ಸೆಮಿನಾರು ಸೋಮವಾರ ಇದ್ದರೆ ವಿಷಯವನ್ನು ಹಿಂದಿನ ಶುಕ್ರವಾರ ಹೇಳುವುದು ತಡವಾಯಿತು. ಮೂರು ಪ್ರತಿಗೆ ಆರು ದಿನ ಬೇಕು ಎಂಬ ಲೆಕ್ಕ ಮರೆಯಬೇಡಿ.

ನಿಮ್ಮ ಸ್ವಂತ ಪ್ರತಿಯನ್ನೂ ಇಡಬಹುದು. ರಟ್ಟಿನ ಒಳಬದಿಯಲ್ಲಿ ಹೆಸರು ಬರೆದು, ಗ್ರಂಥಾಲಯದಿಂದ ತಾತ್ಕಾಲಿಕ ನಂಬರು ಹಾಕಿಸಿ, ರಸೀದಿ ಪಡೆಯಿರಿ. ಗ್ರಂಥಾಲಯ ತನ್ನ ಪುಸ್ತಕಗಳನ್ನು ನಂಬರು ಹಾಕಿ ದಾಖಲಿಸುವ ಅಕ್ಸೆಶನ್ ರಿಜಿಸ್ಟರಿನಲ್ಲಿ ಏರಿಸಬೇಡಿ. ಏರಿತೆಂದರೆ ಅದು ಸಂಸ್ಥೆಯ ಆಸ್ತಿ, ವಾಪಸ್ ಪಡೆಯುವುದು ಸುಲಭವಲ್ಲ. ಮತ್ತೆ ಸಿಗದ ಪುಸ್ತಕವನ್ನಂತೂ ಇಡಲೇಬೇಡಿ.

ಓದುವ ವಿಷಯಕ್ಕೆ ತಕ್ಕಂತೆ ಅವಧಿಯೂ ಬದಲಾಗಬೇಕು. ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವವಿಜ್ಞಾನ ಓದುವವರಿಗೆ ಮೀನು, ಚಿಪ್ಪು ಗುರುತಿಸುವ ಕೈಪಿಡಿ ಪ್ರಯೋಗಾಲಯದ ಮೇಜಿನ ಮೇಲೇ ಬೇಕು. ಅಂಥದ್ದನ್ನು ಬ್ಯಾಚಿನ ಹೆಸರಿನಲ್ಲಿ ಮೂರು ಗಂಟೆಗೆ ಕೊಡುವುದು ಸರಿ. ಶಿರಸಿಯ ಅರಣ್ಯ ಕಾಲೇಜಿನಂಥಲ್ಲಿ ಗಿಡಮರ ಗುರುತಿಸುವ ಪುಸ್ತಕ ಕಾಡಿಗೂ ಹೋಗುತ್ತದೆ, ಎರಡು ಗಂಟೆಯಲ್ಲಿ ಬರುವುದಿಲ್ಲ. ಹೀಗೆ ಹೊರಹೋಗುವ ಪ್ರತಿಯೇ ಬೇರೆ, ಕಪಾಟಿನ ಪ್ರತಿಯೇ ಬೇರೆ ಎಂದು ಮೊದಲೇ ನಿಗದಿಯಾಗಿರಲಿ.

ಕೌಂಟರಿನ ಒಳಗೆ

ಪ್ರತಿಯೊಂದು ರಿಸರ್ವ್ ಪುಸ್ತಕದ ಬೆನ್ನಿಗೆ, ಕಪಾಟಿನಲ್ಲಿ ಅದರ ಜಾಗ ಹೇಳುವ ಕಾಲ್ ನಂಬರಿನ ಚೀಟಿಯ ಮೇಲುಗಡೆ, ಒಂದು ಸೆಂಟಿಮೀಟರ್ ಅಗಲದ ಕೆಂಪು ಟೇಪು ಅಂಟಿಸಿ. ರಿಟರ್ನ್ ಆದ ಪುಸ್ತಕ ಅಕಸ್ಮಾತ್ ಸಾಮಾನ್ಯ ಕಪಾಟಿಗೆ ಹೋದರೆ ಆ ಕೆಂಪು ಗೆರೆ ದೂರದಿಂದಲೇ ಕಾಣುತ್ತದೆ. ಕಪಾಟಿನಲ್ಲಿ ಪೇಪರಿನ ಕೋಡ್ ಪ್ರಕಾರ ಜೋಡಿಸಿ. ಕೇಳುವವರು ‘ಮೂರನೇ ಸೆಮ್ ಇತಿಹಾಸ’ ಅನ್ನುತ್ತಾರೆಯೇ ಹೊರತು ಕಾಲ್ ನಂಬರು ಹೇಳುವುದಿಲ್ಲ. ಒಂದು ಪ್ರತಿ ಎಂದಿಗೂ ರಾತ್ರಿ ಓದಿಗೆ ಹೋಗದಿರಲಿ. ಹೋದ ಎರಡು ಪ್ರತಿ ಮರುದಿನ ತಡವಾದರೂ 10 ಗಂಟೆಗೆ ಬಂದವರಿಗೆ ಕೊಡಲು ಏನಾದರೂ ಉಳಿದಿರುತ್ತದೆ.

ಗ್ರಂಥಾಲಯ ನಡೆಸುವ ಕೋಹಾ ತಂತ್ರಾಂಶ ಬಳಸುವಲ್ಲಿ ಕೋರ್ಸ್ ರಿಸರ್ವ್ ವಿಭಾಗ ಸಿದ್ಧವಾಗಿಯೇ ಇದೆ. ಸಿಸ್ಟಮ್ ಪ್ರಿಫರೆನ್ಸಿನಲ್ಲಿ ಅದನ್ನು ಚಾಲೂ ಮಾಡಿ, ವಿಭಾಗಗಳ ಮತ್ತು ಸೆಮಿಸ್ಟರುಗಳ ಹೆಸರು ಸೇರಿಸಿ, ಪೇಪರು ಮತ್ತು ಉಪನ್ಯಾಸಕರ ಹೆಸರಿನಲ್ಲಿ ಕೋರ್ಸ್ ತೆರೆದು, ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾ ಪುಸ್ತಕ ಸೇರಿಸುವುದು. ಎಡವುವುದು ಇಲ್ಲೇ: ಪುಸ್ತಕ ಸೇರಿಸುವಾಗ ಐಟಂ ಟೈಪನ್ನು (ಎಷ್ಟು ಹೊತ್ತಿಗೆ ಕೊಡಬೇಕು ಎಂಬ ನಿಯಮಕ್ಕಾಗಿ ಪುಸ್ತಕಕ್ಕೆ ಕೊಡುವ ವರ್ಗ) ರಿಸರ್ವಿಗೆ ಬದಲಿಸದಿದ್ದರೆ ಪಟ್ಟಿಯಲ್ಲಿ ಪುಸ್ತಕ ಕಾಣುತ್ತದೆ, ಇಶ್ಯೂ ಮಾತ್ರ ಹಳೆಯ 15 ದಿನಕ್ಕೇ ಆಗುತ್ತದೆ. ರಿಸರ್ವಿಗೆಂದೇ ಒಂದು ಐಟಂ ಟೈಪ್ ಮಾಡಿ, ಅದರ ಸರ್ಕ್ಯುಲೇಶನ್ ನಿಯಮದಲ್ಲಿ ದಿನದ ಬದಲು ಗಂಟೆ ಆರಿಸಿ, 2 ಎಂದು ಹಾಕಿ. ರಾತ್ರಿ ಓದಿಗೆ ಕೊಡುವಾಗ ವಾಪಸಾತಿಯ ದಿನ, ಸಮಯ ಎರಡನ್ನೂ ಕೈಯಾರೆ ನಮೂದಿಸಿ. ಇಲ್ಲವಾದರೆ 4.30ಕ್ಕೆ ಕೊಟ್ಟದ್ದಕ್ಕೆ 6.30ರ ಗಡುವು ಬೀಳುತ್ತದೆ, ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಓದಿದವರ ತಪ್ಪಿಲ್ಲದೆ ದಂಡ ಏರುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ. ರೂಲು ಹಾಕಿದ ಒಂದು ರಿಜಿಸ್ಟರ್ ಕೌಂಟರಿನಲ್ಲಿ ತೆರೆದೇ ಇರಲಿ: ಅಕ್ಸೆಶನ್ ನಂಬರು, ಹೆಸರು, ರೋಲ್ ನಂಬರು, ಕೊಟ್ಟ ಸಮಯ, ಬರಬೇಕಾದ ಸಮಯ, ಬಂದ ಸಮಯ, ಸಹಿ. ಪುಸ್ತಕ ಹೊರಗಿರುವಷ್ಟು ಹೊತ್ತು ಐಡಿ ಕಾರ್ಡು ಕೌಂಟರಿನಲ್ಲಿರಲಿ. ಬರಬೇಕಾದ ಸಮಯವನ್ನು ಚೀಟಿಯಲ್ಲಿ ಬರೆದು ಪುಸ್ತಕದೊಳಗೂ ಇಡಿ. ಬಾಯಲ್ಲಿ ಹೇಳಿದ್ದು ನೆನಪಿರುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದಂಡದ ನಿಯಮ ಬರೆಯುವಾಗ ಬಸ್ಸನ್ನೂ ಮಳೆಯನ್ನೂ ಮರೆಯುವಂತಿಲ್ಲ. ಕದ್ರಾ, ಮಲ್ಲಾಪುರ, ಜೋಯಿಡಾ ಕಡೆಯಿಂದ ಬರುವವರ ಬಸ್ಸು ತಡವಾದರೆ 10 ಗಂಟೆಯ ಗಡುವು ತಪ್ಪುತ್ತದೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದಾಗಿತ್ತು. ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದರೆ ಗಡುವು ಮುಂದಿನ ಕೆಲಸದ ದಿನದ 10 ಗಂಟೆಗೆ ಹೋಗುತ್ತದೆ ಎಂದು ಸೂಚನಾ ಫಲಕದಲ್ಲಿ ಬರೆದುಹಾಕಿ, ತಂತ್ರಾಂಶದ ಕ್ಯಾಲೆಂಡರಿನಲ್ಲೂ ಅದೇ ದಿನ ರಜೆ ಗುರುತಿಸಿ. ದೂರದವರಿಗೆ ರಾತ್ರಿ ಓದನ್ನೇ ನಿರಾಕರಿಸುವುದು ಅನ್ಯಾಯ. ಖಾಲಿ ಇರುವ ಹಗಲಿನ ಹೊತ್ತು ಅವರಿಗೆ ಬಸ್ಸಿನ ಸಮಯದಿಂದಾಗಿ ಸಿಗುವುದೇ ಕಡಿಮೆ.

ಕರಾವಳಿಯ ತೇವದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯುವುದನ್ನು ತಡೆಯಲು ರಿಸರ್ವ್ ಕಪಾಟನ್ನು ಹೊರಗೋಡೆಗೆ ಒತ್ತಿ ಇಡದೆ ಒಂದು ಗೇಣು ಬಿಡಿ. ಗಾಜಿನ ಬಾಗಿಲಿದ್ದರೆ ಹಗಲು ತೆರೆದಿಡಿ. ಒದ್ದೆ ಚೀಲದಲ್ಲಿ ಬಂದ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸಬೇಡಿ. ಹಾಳೆ ಬಿಡಿಸಿ, ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿದ ಮೇಲೆ ಇಡಿ.

ಜೆರಾಕ್ಸ್, ಸ್ಕ್ಯಾನ್, ಲಿಂಕು

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠದ ಸಲುವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದನ್ನು ಎತ್ತಿಹಿಡಿಯಿತು. ಪಾಠಕ್ಕೆ ಎಷ್ಟು ಅಗತ್ಯ ಎಂಬುದೇ ಅಳತೆ ಎಂದಿತು. ಆದ್ದರಿಂದ ಪಟ್ಟಿಯಲ್ಲಿ ಹೇಳಿದ ಅಧ್ಯಾಯಗಳ ಜೆರಾಕ್ಸ್ ಕಟ್ಟನ್ನು ಕಪಾಟಿನಲ್ಲಿಡಲು ಹೆದರಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದು ಬೇರೆ ಮಾತು, ಅದನ್ನು ಮಾಡಬೇಡಿ. ಹಳೆಯ ಕೃತಿಗಳಿಗೆ ಈ ತೊಡಕಿಲ್ಲ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಕೆನರಾ ಸಂಪುಟ, ಅಂದರೆ 15ನೆಯದು, 1883ರಲ್ಲಿ ಎರಡು ಭಾಗವಾಗಿ ಬಂದದ್ದು. ಜಿಲ್ಲೆಯ ಇತಿಹಾಸ ಓದುವವರೆಲ್ಲ ಕೇಳುತ್ತಾರೆ. ಅದರ ಕೃತಿಸ್ವಾಮ್ಯ ಎಂದೋ ಮುಗಿದಿದೆ. ಹಳೆಯ ಪ್ರತಿಯಿದ್ದರೆ ಅದನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಒತ್ತದೆ, ಅರ್ಧ ತೆರೆದು ಮೇಲಿನಿಂದ ಒಮ್ಮೆ ಸ್ಕ್ಯಾನ್ ಮಾಡಿಸಿ, ಓದಲು ಸ್ಕ್ಯಾನನ್ನೇ ಕೊಡಿ.

ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್ ಸೌಲಭ್ಯವಿರುವ ಕಾಲೇಜುಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಬೇರೆ ಲಾಗಿನ್ ಮಾಡಿಸಿಕೊಡಿ, ಮನೆಯಿಂದಲೂ ಓದಬಹುದು. ಪಟ್ಟಿಗೆ ಲಿಂಕು ಸೇರಿಸುವಾಗ ಲಾಗಿನ್ ಆದಮೇಲೆ ಬ್ರೌಸರಿನ ಮೇಲುಪಟ್ಟಿಯಲ್ಲಿ ಕಾಣುವ ವಿಳಾಸ ಕಾಪಿ ಮಾಡಿದರೆ ಮರುದಿನ ಯಾರಿಗೂ ತೆರೆಯದೆ ಹೋಗಬಹುದು. ಲೇಖನದ ಪುಟದಲ್ಲೇ ಕೊಟ್ಟಿರುವ ಡಿಓಐ (ಲೇಖನದ ಬದಲಾಗದ ಗುರುತು ಸಂಖ್ಯೆ) ಅಥವಾ ಶಾಶ್ವತ ಲಿಂಕನ್ನು ತೆಗೆದುಕೊಂಡು, ಬೇರೆಯವರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ.

ಸೆಮಿಸ್ಟರ್ ಮುಗಿದಾಗ

ಪರೀಕ್ಷೆಯ ಕೊನೆಯ ಪೇಪರ್ ಮುಗಿದ ಮೇಲೆ ಕೆಂಪು ಟೇಪು ತೆಗೆದು ಪುಸ್ತಕಗಳನ್ನು ಸಾಮಾನ್ಯ ಕಪಾಟಿಗೆ ಕಳಿಸಿ, ಸ್ವಂತ ಪ್ರತಿಗಳನ್ನು ರಸೀದಿ ನೋಡಿ ಹಿಂದಿರುಗಿಸಿ. ಕೋಹಾದಲ್ಲಿ ಕೋರ್ಸನ್ನು ಅಳಿಸಬೇಡಿ, ನಿಷ್ಕ್ರಿಯ ಮಾಡಿ. ಪುಸ್ತಕದ ಐಟಂ ಟೈಪ್ ತಾನಾಗಿ ಮೊದಲಿನಂತಾಗುತ್ತದೆ, ಮುಂದಿನ ವರ್ಷ ಅದೇ ಪಟ್ಟಿ ಒಂದೇ ಕ್ಲಿಕ್ಕಿಗೆ ಎಚ್ಚರಗೊಳ್ಳುತ್ತದೆ. ಒಂದು ಪುಸ್ತಕ ಎರಡು ಕೋರ್ಸಿನಲ್ಲಿದ್ದರೆ ಎರಡನ್ನೂ ನಿಲ್ಲಿಸುವವರೆಗೆ ಅದು ರಿಸರ್ವಿನಲ್ಲೇ ಇರುತ್ತದೆ. ‘ಯಾಕೆ ಬದಲಾಗಲಿಲ್ಲ’ ಎಂದು ತಲೆಕೆಡಿಸಿಕೊಳ್ಳುವ ಮೊದಲು ಇದನ್ನು ನೋಡಿ. ಹಳೆಯ ಪಟ್ಟಿ ಎಚ್ಚರಿಸುವಾಗ ಸಿಲೆಬಸ್ಸಿನೊಂದಿಗೆ ತಾಳೆ ನೋಡಲೇಬೇಕು. ರಾಜ್ಯದ ಪದವಿ ಕೋರ್ಸುಗಳು 2021-22ರಲ್ಲಿ ಎನ್‌ಇಪಿಗೆ (ರಾಷ್ಟ್ರೀಯ ಶಿಕ್ಷಣ ನೀತಿ) ಹೋಗಿ 2024-25ರಿಂದ ಮತ್ತೆ ಬದಲಾದವು, ಪೇಪರಿನ ಕೋಡುಗಳೂ ಅದರೊಂದಿಗೆ ಬದಲಾಗಿವೆ.

ರಿಜಿಸ್ಟರಿಗೆ ಇನ್ನೊಂದು ಕಾಲಂ ಸೇರಿಸಿ: ಬಂದು ಸಿಗದೆ ಹೋದವರು. ಹೆಸರು ಬೇಡ, ಪುಸ್ತಕದ ಮುಂದೆ ಒಂದು ಗೆರೆ ಎಳೆದರಾಯಿತು. ಇಶ್ಯೂ ಆದ ಲೆಕ್ಕ ಕಂಪ್ಯೂಟರ್ ಕೊಡುತ್ತದೆ, ಬರಿಗೈಯಲ್ಲಿ ಹೋದವರ ಲೆಕ್ಕ ಅದಕ್ಕೆ ಗೊತ್ತಿಲ್ಲ. ವಿಭಾಗದಿಂದ ಹೊಸ ಪುಸ್ತಕಗಳ ಬೇಡಿಕೆ ಹೋಗುವಾಗ ಆ ಪುಟದ ಜೆರಾಕ್ಸನ್ನು ಜೊತೆಗೆ ಲಗತ್ತಿಸಿ.