ಸ್ತನದ ಇಂಪ್ಲಾಂಟ್: ಯಾವುದು ಎಷ್ಟು ಸುರಕ್ಷಿತ ಅಂತ ಹೋಲಿಸಿ ನೋಡುವ ಬಗೆ

"ಯಾವ ಕಂಪನಿಯದ್ದು ಒಳ್ಳೇದು ಅಕ್ಕಾ?" ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯಿಂದ ಸ್ತನದ ಇಂಪ್ಲಾಂಟ್, ಅಂದರೆ ಎದೆಗೆ ಆಕಾರ ಕೊಡಲು ಒಳಗೆ ಇಡುವ ಚೀಲದ ಬಗ್ಗೆ ಫೋನ್ ಮಾಡುವವರು ಮೊದಲು ಕೇಳುವುದೇ ಇದು. ಶಿವಮೊಗ್ಗದಲ್ಲಿ ಸರ್ಜರಿ ವಾರ್ಡಿನ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಕಂಪನಿ ಹೆಸರು ಆಮೇಲೆ ನೋಡೋಣ, ಮೊದಲು ಒಂದು ನೋಟ್‌ಬುಕ್ ತಗೊಳ್ಳಿ ಅನ್ನುತ್ತೇನೆ. ಡಾಕ್ಟರು ಮುಂದಿಟ್ಟ ಒಂದೊಂದು ಆಯ್ಕೆಗೂ ಒಂದೊಂದು ಪುಟ. ಪ್ರತಿ ಪುಟದಲ್ಲೂ ಮೂರು ಪ್ರಶ್ನೆ: ಇದು ಕೆಟ್ಟರೆ ಹೇಗೆ ಕೆಡುತ್ತದೆ? ಕೆಟ್ಟಿದ್ದು ನನಗೆ ಹೇಗೆ ಗೊತ್ತಾಗುತ್ತದೆ? ಗೊತ್ತಾದ ದಿನ ನಾನು ಎಲ್ಲಿಗೆ ಹೋಗಬಲ್ಲೆ? ಕ್ಯಾನ್ಸರ್‌ಗೆ ಎಡಗಡೆಯ ಎದೆ ತೆಗೆಸಿಕೊಂಡ ನನ್ನ ತಂಗಿಯ ಜೊತೆ ಕೂತು ನಾನು ಬರೆಸಿದ್ದೂ ಇದನ್ನೇ.

ಮೊದಲ ಪುಟ, ಇಂಪ್ಲಾಂಟ್ ಒಳಗೆ ಏನು ತುಂಬಿದೆ ಅನ್ನುವುದು. ಸಲೈನ್ ಅಂದರೆ ಉಪ್ಪುನೀರು, ಇಲ್ಲವೇ ಸಿಲಿಕೋನ್ ಜೆಲ್. ಹೊರಗಿನ ಚೀಲ ಎರಡಕ್ಕೂ ಸಿಲಿಕೋನಿನದ್ದೇ. ಸಲೈನ್ ಒಡೆದರೆ ನೀರನ್ನು ಮೈ ಹೀರಿಕೊಳ್ಳುತ್ತದೆ, ಎದೆ ಇಳಿದುಹೋಗುತ್ತದೆ, ಕನ್ನಡಿಯಲ್ಲೇ ಕಾಣುತ್ತದೆ. ಜೆಲ್ ಹಾಗಲ್ಲ. ಚೀಲ ಹರಿದರೂ ಜೆಲ್ ಅಲ್ಲೇ ನಿಂತು, ವರ್ಷಗಟ್ಟಲೆ ಏನೂ ಗೊತ್ತಾಗದೆ ಇರಬಹುದು. ಅದಕ್ಕೇ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕ ಸರ್ಕಾರದ ಸಂಸ್ಥೆ ಎಫ್‌ಡಿಎ, ಜೆಲ್ ಹಾಕಿಸಿಕೊಂಡವರು 5–6 ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2–3 ವರ್ಷಕ್ಕೊಮ್ಮೆ ಮಾಡಿಸಬೇಕು ಅನ್ನುತ್ತದೆ. ಮುಟ್ಟಿದರೆ ಜೆಲ್ ಮೆತ್ತಗೆ, ಸಹಜವಾಗಿರುತ್ತದೆ ನಿಜ. ಆದರೆ ಈ ಸ್ಕ್ಯಾನಿನ ಖರ್ಚನ್ನೂ ಓಡಾಟವನ್ನೂ ಆಪರೇಷನ್ ಖರ್ಚಿನ ಜೊತೆಗೇ ಇವತ್ತೇ ಬರೆದಿಡಿ. ಇಂಪ್ಲಾಂಟ್ ಯಾವುದೇ ಇರಲಿ, ಜೀವನಪರ್ಯಂತ ಬಾಳುವ ವಸ್ತುವಲ್ಲ. ವರ್ಷ ಕಳೆದಷ್ಟೂ ಇನ್ನೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಹೆಚ್ಚುತ್ತಲೇ ಹೋಗುತ್ತದೆ.

ಎರಡನೆಯ ಪುಟ ಹೊರಮೈಯದ್ದು. ಇದನ್ನು ಯಾರೂ ತಾವಾಗಿ ಕೇಳುವುದಿಲ್ಲ, ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಚೀಲದ ಮೈ ನುಣ್ಣಗಿರಬಹುದು, ತರಿತರಿಯಾಗಿರಬಹುದು. ತರಿ ಇರುವುದನ್ನು ಟೆಕ್ಸ್ಚರ್ಡ್ ಅನ್ನುತ್ತಾರೆ. ಇಂಪ್ಲಾಂಟ್ ಸುತ್ತ ಮೈ ತಾನೇ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಬರುವ ಒಂದು ಜಾತಿಯ ಲಿಂಫೋಮಾಕ್ಕೂ ಇಂಪ್ಲಾಂಟಿಗೂ ನಂಟಿರಬಹುದು ಎಂದು ಎಫ್‌ಡಿಎ 2011ರಲ್ಲಿ ಹೇಳಿತು. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರ್. ಬರುವುದು ಅಪರೂಪ, ಬಂದರೆ ಬಹುಪಾಲು ತರಿಮೈಯ ಇಂಪ್ಲಾಂಟ್ ಇದ್ದವರಿಗೇ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ತರಿಮೈಯ ಮಾದರಿಯನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ಆ ಹೊತ್ತಿಗೆ ಎಫ್‌ಡಿಎ ಲೆಕ್ಕದಲ್ಲಿದ್ದ ಪ್ರಕರಣ 573, ಸಾವು 33. ಆ 573ರಲ್ಲಿ 481 ಅದೇ ಕಂಪನಿಯ ಇಂಪ್ಲಾಂಟ್ ಇದ್ದವರದ್ದು.

ಹಾಗಾಗಿ ಸರ್ಜನ್ ಎದುರು ಕೂತಾಗ "ಮೇಲ್ಮೈ ಸ್ಮೂತಾ, ಟೆಕ್ಸ್ಚರ್ಡಾ?" ಅಂತ ಬಾಯಿಬಿಟ್ಟು ಕೇಳಿ. ಹನಿಯ ಆಕಾರದ್ದು ಹಾಕೋಣ, ಸಹಜವಾಗಿ ಕಾಣುತ್ತದೆ ಅಂದರೆ ಇನ್ನೂ ಒತ್ತಿ ಕೇಳಿ. ಹನಿಯಾಕಾರದ್ದು ಒಳಗೆ ತಿರುಗಿದರೆ ಆಕಾರ ಕೆಡುತ್ತದೆ, ತಿರುಗದಿರಲೆಂದೇ ಅದಕ್ಕೆ ತರಿ ಕೊಟ್ಟಿರುತ್ತಾರೆ. ದುಂಡಗಿನದ್ದು ತಿರುಗಿದರೂ ಚಿಂತೆಯಿಲ್ಲ. ಈಗಾಗಲೇ ತರಿಮೈಯದ್ದು ಹಾಕಿಸಿಕೊಂಡು ತೊಂದರೆಯಿಲ್ಲದೆ ಇರುವವರು ಹೆದರಿ ತೆಗೆಸಬೇಕಾಗಿಲ್ಲ, ಎಫ್‌ಡಿಎ ಕೂಡ ಹಾಗೆ ಹೇಳಿಲ್ಲ. ಆದರೆ ವರ್ಷಗಳ ಮೇಲೆ ಒಂದು ಬದಿ ಇದ್ದಕ್ಕಿದ್ದಂತೆ ಊದಿಕೊಂಡರೆ, ಗಂಟು ಸಿಕ್ಕರೆ, ನೋವು ಬಿಡದಿದ್ದರೆ, ಅರಿಶಿನ ಹಚ್ಚಿ ಕಾಯುತ್ತಾ ಕೂರಬೇಡಿ ದಯವಿಟ್ಟು. ಬೇಗ ಗೊತ್ತಾದರೆ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆದು ಹೆಚ್ಚಿನವರನ್ನು ಗುಣಪಡಿಸಬಹುದು.

ರೇಡಿಯೇಷನ್ ಆದವರಿಗೆ ಇನ್ನೊಂದು ಮಾತು. ಆ ಪೊರೆ ಬಿಗಿದು ಎದೆ ಗಟ್ಟಿಯಾಗಿ ನೋಯುವುದು ಯಾವ ಇಂಪ್ಲಾಂಟಿನಲ್ಲೂ ಉಂಟು, ರೇಡಿಯೇಷನ್ ಕೊಟ್ಟ ಜಾಗದಲ್ಲಿ ಅದರ ಭಯ ಹೆಚ್ಚು. ತಂಗಿಗೆ ರೇಡಿಯೇಷನ್ ಆಗಿದೆ. ಅದಕ್ಕೇ ಅವಳ ಸರ್ಜನ್ ಸ್ವಂತ ಮೈಯ ಮಾಂಸದಿಂದ ಎದೆ ಕಟ್ಟುವ ವಿಚಾರ ಎತ್ತಿದರು. ಬೆನ್ನಿನ ಸ್ನಾಯು ತಿರುಗಿಸಿ ತರುವುದು ಒಂದು ಬಗೆ. ಅಡಿಕೆ ಹೆಡಿಗೆ ಹೊರುವ, ದರಗು ಹೊರುವ ಹೆಂಗಸು ಭುಜದ ಬಲ ಎಷ್ಟು ಕಡಿಮೆಯಾದೀತು ಅಂತ ಮೊದಲೇ ಕೇಳಬೇಕು. ಹೊಟ್ಟೆಯ ಚರ್ಮ, ಕೊಬ್ಬು ಮಾತ್ರ ತೆಗೆದು ಸ್ನಾಯು ಅಲ್ಲೇ ಬಿಡುವುದು ಇನ್ನೊಂದು, ಅದಕ್ಕೆ ಡೀಪ್ ಫ್ಲ್ಯಾಪ್ ಅನ್ನುತ್ತಾರೆ. ಸೂಕ್ಷ್ಮ ರಕ್ತನಾಳ ಜೋಡಿಸುವ ಗಂಟೆಗಟ್ಟಲೆಯ ಆಪರೇಷನ್ ಅದು. ರಕ್ತ ಹರಿಯದಿದ್ದರೆ ಕಟ್ಟಿದ ಎದೆ ಉಳಿಯುವುದಿಲ್ಲ. ದಿನವೂ ಅದೇ ಕೆಲಸ ಮಾಡುವ ತಂಡ ಬೇಕು. ಆದರೆ ವಾಸಿಯಾದ ಮೇಲೆ ಒಡೆಯುವಂಥದ್ದು ಒಳಗೆ ಏನೂ ಇರುವುದಿಲ್ಲ.

ಬ್ರಾ ಒಳಗೆ ಇಟ್ಟುಕೊಳ್ಳುವ ಕೃತಕ ಸ್ತನಕ್ಕೂ ಒಂದು ಪುಟ ಕೊಡಿ. ಎಲ್ಲದಕ್ಕಿಂತ ಅಪಾಯ ಕಡಿಮೆ ಇರುವುದು ಅದಕ್ಕೇ, ಆದರೂ ಆಸ್ಪತ್ರೆಯಲ್ಲಿ ಕಡಿಮೆ ಹೇಳುವುದೂ ಅದನ್ನೇ. ಹತ್ತಿಯದ್ದಾದರೆ ಎರಡು ಇರಲಿ, ನಮ್ಮ ಆಷಾಢದಲ್ಲಿ ಒಂದು ಒಣಗುವುದರೊಳಗೆ ಇನ್ನೊಂದು ಬೇಕು. ತಂಗಿ ಸದ್ಯಕ್ಕೆ ಇದನ್ನೇ ಆರಿಸಿಕೊಂಡಿದ್ದಾಳೆ, ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಹೊಟ್ಟೆಯ ಆಪರೇಷನ್ ಬಗ್ಗೆ ಮತ್ತೆ ಮಾತಾಡುತ್ತಾಳಂತೆ.

ಮೂರನೆಯ ಪ್ರಶ್ನೆಗೆ ಊರಿನ ಹೆಸರು ಹಾಕಿಯೇ ಉತ್ತರ ಬರೆಯಿರಿ. ಎದೆಯ ಎಂಆರ್‌ಐಗೆ ಬೇಕಾದ ಕಾಯಿಲ್ ಅನ್ನುವ ವಿಶೇಷ ಸಾಧನ ಹತ್ತಿರ ಎಲ್ಲಿದೆ? ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದು ಮಣಿಪಾಲದ ದಾರಿ ಬಂದ್ ಆದರೆ, ಜ್ವರ ಬಂದು ಗಾಯ ಕೆಂಪಾದ ದಿನ ಶಿವಮೊಗ್ಗದಲ್ಲಿ ನೋಡುವವರು ಯಾರು? ಉತ್ತರ ಖಾಲಿ ಉಳಿದರೆ ಸರ್ಜನ್ ಹತ್ತಿರವೇ ಬರೆಸಿಕೊಳ್ಳಿ. ಚರ್ಮ ಹಿಗ್ಗಿಸಲು ಮೊದಲು ಎಕ್ಸ್‌ಪಾಂಡರ್ ಹಾಕಿದ್ದರೆ ಅದರಲ್ಲಿ ಆಯಸ್ಕಾಂತ ಇರಬಹುದು. ಎಂಆರ್‌ಐ ಕೋಣೆಗೆ ಹೋಗುವ ಮೊದಲು ಹೇಳಲೇಬೇಕು. ಮ್ಯಾಮೋಗ್ರಾಂ ಮಾಡುವವರಿಗೂ ಇಂಪ್ಲಾಂಟ್ ಇದೆ ಅಂತ ತಿಳಿಸಿ, ಅವರು ಬೇರೆ ಕೋನದಲ್ಲಿ ತೆಗೆಯುತ್ತಾರೆ.

ಇನ್ನು ಕಾಗದಪತ್ರ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯಲ್ಲದ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾದಾಗ, ತಮ್ಮೊಳಗೆ ಇರುವುದು ಯಾವುದೆಂದು ತಿಳಿಯಲು ಹೆಂಗಸರಿಗೆ ದಾಖಲೆ ಬೇಕಾಯಿತು. ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಒಂದು ಡಿಸ್ಚಾರ್ಜ್ ಸಮ್ಮರಿಗೆ, ಒಂದು ನಿಮ್ಮ ಕಾರ್ಡಿಗೆ ಅಂಟಿಸಿ ಕೊಡಿ ಅಂತ ಆಪರೇಷನ್‌ಗೆ ಮೊದಲೇ ಹೇಳಿ, ಫೋನಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ. ಮುಂದೆ ಇಂಪ್ಲಾಂಟಿನಿಂದ ತೊಂದರೆಯಾದರೆ ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ 2015ರಿಂದ ನಡೆಸುತ್ತಿರುವ ಮೆಟೀರಿಯೋವಿಜಿಲೆನ್ಸ್, ಅಂದರೆ ವೈದ್ಯಕೀಯ ಸಾಧನಗಳಿಂದಾದ ತೊಂದರೆ ದಾಖಲಿಸುವ ಕಾರ್ಯಕ್ರಮಕ್ಕೆ ದೂರು ಕೊಡಬಹುದು. ರೋಗಿಯೇ ನೇರವಾಗಿ ಬರೆಯಬಹುದು, ಸ್ಟಿಕ್ಕರಿನ ನಂಬರ್ ಅಲ್ಲೂ ಬೇಕಾಗುತ್ತದೆ.