ಅಕ್ಷಯ ಕೇಂದ್ರದ ಕಂಪ್ಯೂಟರಿನಲ್ಲಿ ನಿಮ್ಮ ದಾಖಲೆ ಉಳಿಯದಂತೆ ನೋಡಿಕೊಳ್ಳುವುದು

ಕಾಸರಗೋಡಿನ ಕನ್ನಡಿಗರಿಗೆ ಕೇರಳ ಸರಕಾರದ ಆನ್‌ಲೈನ್ ಸೇವೆಗಳು ಸಿಗುವ ಅಕ್ಷಯ ಕೇಂದ್ರವೂ ಪೇಟೆಯ ಜೆರಾಕ್ಸ್ ಅಂಗಡಿಯೂ ಅನಿವಾರ್ಯ. ಅರ್ಜಿಯ ನಮೂನೆ ಮಲಯಾಳದಲ್ಲಿದ್ದರೆ, ಆ ಲಿಪಿ ಓದಲು ಬಾರದ ಹಿರಿಯರು ಮೊಬೈಲನ್ನೇ ಮೇಜಿನ ಮೇಲಿಟ್ಟು, ಬಂದ ಒಟಿಪಿಯನ್ನು ಸರದಿಯಲ್ಲಿರುವ ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಾರೆ. ಕುಂಬಳೆಯ ಒಂದು ಅಂಗಡಿಯಲ್ಲಿ ನನ್ನ ಕಡತವನ್ನು ಪ್ರಿಂಟ್ ತೆಗೆಸಲು ‘ಡೌನ್‌ಲೋಡ್ಸ್’ ತೆರೆದಾಗ, ಯಾರದೋ ಇ-ಆಧಾರ್, ಯಾರದೋ ಪಾಸ್‌ಬುಕ್ಕಿನ ಮೊದಲ ಪುಟ, ಒಬ್ಬ ಹುಡುಗಿಯ ಜಾತಕ ಎಲ್ಲವೂ ಸಾಲಾಗಿ ಕಾಣಿಸಿದವು. ಅಂಗಡಿಯವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅಳಿಸಿ ಎಂದು ಯಾರೂ ಕೇಳಿರಲಿಲ್ಲ, ಅಷ್ಟೇ.

ಇ-ಆಧಾರ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಆ ಕಡತದ ಪಾಸ್‌ವರ್ಡ್ ಎಂದರೆ ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ 4 ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಇವೆರಡೂ ಪಕ್ಕದ ಇನ್ನೊಂದು ಕಡತದಲ್ಲಿದ್ದರೆ ಅದನ್ನು ತೆರೆಯಲು ಯಾವ ಜಾಣ್ಮೆಯೂ ಬೇಡ. ಆದ್ದರಿಂದ ಸಾಧ್ಯವಾದಲ್ಲೆಲ್ಲ ಕೊನೆಯ 4 ಅಂಕೆಗಳು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಪ್ರತಿಯನ್ನೇ ಇಳಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಕಡತವನ್ನು ಆಯ್ದು ಶಿಫ್ಟ್ ಮತ್ತು ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ರಿಸೈಕಲ್ ಬಿನ್ನಿಗೆ ಹೋಗದೆ ಅಳಿಯುತ್ತದೆ. ಸ್ಕ್ಯಾನ್ ಮಾಡಿಸಿದ ಪ್ರತಿ ಬೇರೆ ಫೋಲ್ಡರಿನಲ್ಲಿ ಉಳಿದಿರುತ್ತದೆ. ಅದನ್ನೂ ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ. ಸಂಕೋಚಪಡುವ ಅಗತ್ಯವಿಲ್ಲ, ದಾಖಲೆ ನಿಮ್ಮದು.

ನೀವೇ ಬ್ರೌಸರ್ ಬಳಸುವುದಾದರೆ ಕ್ರೋಮಿನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಅದನ್ನು ಮುಚ್ಚಿದಾಗ ಲಾಗಿನ್ ಮತ್ತು ಇತಿಹಾಸ ಉಳಿಯುವುದಿಲ್ಲ, ಆದರೆ ಇಳಿಸಿಕೊಂಡ ಕಡತಗಳು ಹಾಗೆಯೇ ಇರುತ್ತವೆ ಎಂಬುದನ್ನು ಮರೆಯಬಾರದು. ಪಾಸ್‌ವರ್ಡ್ ಉಳಿಸಬೇಕೇ ಎಂದು ಕೇಳಿದರೆ ಬೇಡವೆನ್ನಿ.

ವಾಟ್ಸಾಪಿನಲ್ಲಿ ಅಂಗಡಿಯ ನಂಬರಿಗೆ ಕಳುಹಿಸಿದ ದಾಖಲೆಯನ್ನು ಪ್ರಿಂಟ್ ಆದ ಕೂಡಲೇ ‘ಡಿಲೀಟ್ ಫಾರ್ ಎವರಿವನ್’ ಮಾಡಿ. ಆದರೆ ಅವರ ಕಂಪ್ಯೂಟರಿಗೆ ಅದಾಗಲೇ ಇಳಿದ ಪ್ರತಿ ಇದರಿಂದ ಹೋಗದು, ಅದನ್ನು ಅಲ್ಲೇ ಅಳಿಸಬೇಕು. ನಿಮ್ಮದೇ ವಾಟ್ಸಾಪನ್ನು ಅಲ್ಲಿ ತೆರೆದಿದ್ದರೆ, ಹೊರಡುವ ಮೊದಲು ಫೋನಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗ್‌ಔಟ್ ಮಾಡಿ. ಮನೆಗೆ ಬಂದ ಮೇಲೆ ನೆನಪಾದರೂ ಫೋನಿನಿಂದಲೇ ಹೀಗೆ ಮಾಡಬಹುದು.

ಒಟಿಪಿ ಬಂದಾಗ ಸಂದೇಶವನ್ನು ಪೂರ್ತಿ ಓದಿ, ಅದು ಯಾವುದಕ್ಕೆ ಎಂದು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ತಿಳಿದ ನಂತರವೇ ನೀವೇ ಟೈಪ್ ಮಾಡಿ. ಓದಲಾಗದ ಅರ್ಜಿಯಾದರೆ, ಸಲ್ಲಿಸುವ ಮುನ್ನ ಪ್ರತಿಯೊಂದು ಅಂಕಣದ ಅರ್ಥವನ್ನು ಹೇಳಿಸಿಕೊಳ್ಳಿ. ಹಿರಿಯರ ಜತೆ ಮನೆಯ ಒಬ್ಬರು ಹೋಗುವುದು ಇನ್ನೂ ಒಳ್ಳೆಯದು.

ರೈಲ್ವೆ ನಿಲ್ದಾಣದಂಥ ಕಡೆಯ ಉಚಿತ ವೈಫೈಯಲ್ಲಿ ಸುದ್ದಿ ಓದುವುದಕ್ಕೆ ಅಡ್ಡಿಯಿಲ್ಲ. ಬ್ಯಾಂಕಿನ ಕೆಲಸಕ್ಕೆ ಮಾತ್ರ ನಿಮ್ಮ ಮೊಬೈಲಿನ ಡೇಟಾವನ್ನೇ ಬಳಸಿ. ನಿಲ್ದಾಣ ಬಿಟ್ಟ ಮೇಲೆ ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿದರೆ ಫೋನ್ ತಾನಾಗಿ ಅದಕ್ಕೆ ಸೇರಿಕೊಳ್ಳದು.

ಆಧಾರ್ ಪ್ರತಿ ಈಗಾಗಲೇ ಎಲ್ಲೋ ಉಳಿದಿದೆ ಎಂಬ ಅನುಮಾನವಿದ್ದರೆ ಆಧಾರಿನ ಅಧಿಕೃತ ಆ್ಯಪಿನಲ್ಲಿ ಬೆರಳಚ್ಚು ದೃಢೀಕರಣಕ್ಕೆ ಬೀಗ ಹಾಕಿಡಿ, ಬೇಕಾದಾಗ ತೆರೆಯಬಹುದು. ಖಾತೆಯಿಂದ ಹಣ ಹೋಗಿರುವುದು ತಿಳಿದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.